ನಿಮಗಿದು ಗೊತ್ತೆ? ಸೋರಿಯಾಸಿಸ್ ಮುಟ್ಟಿದರೆ ಅಂಟುವುದಿಲ್ಲ

● ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಚರ್ಮವನ್ನು ಕೆರಳಿಸಿದಾಗ ಸೋರಿಯಾಸಿಸ್ ಕಾಣಿಸಿಕೊಳ್ಳುತ್ತದೆ. ಚರ್ಮದ ಹೊರಪದರ ಹೊಸದಾಗಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಇಲ್ಲಿ ಅದು ಕೆಲವೇ ದಿನಗಳಲ್ಲಿ ನಡೆದುಬಿಡುತ್ತದೆ. ಉದುರದೆ ಉಳಿದ ಕೋಶಗಳು ಬೆಳ್ಳಗಿನ ಹೊಟ್ಟಾಗಿ ಪದರಗಟ್ಟುತ್ತವೆ.

● ಇದು ಸೋಂಕಲ್ಲ. ಕೈಕುಲುಕಿದರೆ, ಜೊತೆಗೆ ಕೂತು ಉಂಡರೆ, ಒಂದೇ ಟವೆಲ್ ಬಳಸಿದರೆ ಹರಡುವುದಿಲ್ಲ. ರೋಗಿಯನ್ನು ದೂರವಿಡಲು ಯಾವ ಕಾರಣವೂ ಇಲ್ಲ.

● ಕೆರೆದುಕೊಂಡ ಅಥವಾ ಗಾಯವಾದ ಜಾಗದಲ್ಲೇ ಹೊಸ ಕಲೆ ಏಳಬಹುದು. 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ ಜರ್ಮನ್ ವೈದ್ಯ ಹೈನ್ರಿಕ್ ಕೋಬ್ನರ್ ಹೆಸರೇ ಈ ಲಕ್ಷಣಕ್ಕಿದೆ.

● ಕೆಲವರಲ್ಲಿ ಕೀಲುಗಳಿಗೂ ತೊಂದರೆಯಾಗುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯುವುದು, ಊದುವುದು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ.

● ಸಮುದ್ರಮಟ್ಟಕ್ಕಿಂತ 400 ಮೀಟರಿಗೂ ಹೆಚ್ಚು ಕೆಳಗಿರುವ ಮೃತ ಸಮುದ್ರದ ದಡಕ್ಕೆ, ಅಲ್ಲಿನ ಬಿಸಿಲಿನಿಂದ ಉಪಶಮನ ಅರಸಿ, ಅನೇಕ ದೇಶಗಳ ರೋಗಿಗಳು ಹೋಗುತ್ತಾರೆ. ಆಸ್ಪತ್ರೆಗಳಲ್ಲಿ ನಿಯಂತ್ರಿತ ಪ್ರಮಾಣದ ನೇರಳಾತೀತ ಬೆಳಕಿನ ಚಿಕಿತ್ಸೆ ಲಭ್ಯ.

● ಬೆಂಗಳೂರಿನ ಬಯೋಕಾನ್ ಸಂಸ್ಥೆ 2013ರಲ್ಲಿ ಸೋರಿಯಾಸಿಸ್‌ಗೆಂದೇ ಇಟೊಲಿಜುಮ್ಯಾಬ್ ಎಂಬ ಜೈವಿಕ ಔಷಧವನ್ನು ಮಾರುಕಟ್ಟೆಗೆ ತಂದಿತು.

● ಪೂರ್ಣ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಹತೋಟಿ ಖಂಡಿತ ಸಾಧ್ಯ. ಸ್ನಾನವಾದ ಕೂಡಲೇ ಮಾಯಿಶ್ಚರೈಸರ್ ಹಚ್ಚಿ. ಧೂಮಪಾನ, ಮದ್ಯ ಬಿಡಿ. ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮನ್ನು ನೀವೇ ತಂದು ಹಚ್ಚಬೇಡಿ. ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರೋಗ ಉಲ್ಬಣಿಸುವ ಅಪಾಯವಿದೆ.

● ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ.