ಜೀವಕೋಶದ ಅಗ್ರಭಾಗ: ಅದರ ರಚನೆಯೂ ಕಾರ್ಯವೂ

ಶರೀರವನ್ನು ಕಟ್ಟಿರುವ ಜೀವಕೋಶಗಳನ್ನು ಮನೆಯ ಇಟ್ಟಿಗೆಗಳಿಗೆ ಹೋಲಿಸುವುದು ಪಾಠಪುಸ್ತಕಗಳ ವಾಡಿಕೆ. ಉಪಮಾನವು ಸುಲಭವಾದುದೇ ಆದರೂ ಒಂದು ವಿಷಯದಲ್ಲಿ ದಾರಿ ತಪ್ಪಿಸುವಂತಹುದು. ಇಟ್ಟಿಗೆಯ ಆರು ಮುಖಗಳೂ ಒಂದೇ ಮಣ್ಣಿನವು. ಅದನ್ನು ತಲೆಕೆಳಗಾಗಿ ಇಟ್ಟರೂ ಗೋಡೆಗೆ ಕೊರತೆಯಿಲ್ಲ. ಕರುಳು, ಮೂತ್ರಪಿಂಡ, ಶ್ವಾಸನಾಳ ಮೊದಲಾದ ಅಂಗಗಳ ಒಳಮೈಯನ್ನು ಹೊದಿಸಿರುವ ಕೋಶಗಳ ಸ್ಥಿತಿ ಹಾಗಿಲ್ಲ. ಅವುಗಳಿಗೆ ಎರಡು ಮುಖಗಳುಂಟು. ಒಂದು ಮುಖದಲ್ಲಿರುವ ದ್ರವ್ಯಗಳಲ್ಲಿ ಅನೇಕವು ಇನ್ನೊಂದರಲ್ಲಿಲ್ಲ, ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡದು. ನಾಳದ ಟೊಳ್ಳಿಗೆ ಎದುರಾಗಿರುವ ಮುಖವನ್ನು ಅಗ್ರಭಾಗವೆಂದೂ, ನೆರೆಯ ಕೋಶಗಳ ಕಡೆಗೂ ರಕ್ತನಾಳಗಳ ಕಡೆಗೂ ತಿರುಗಿರುವುದನ್ನು ತಳಭಾಗವೆಂದೂ ಕರೆಯಬಹುದು.

ಅಗ್ರವೆಂಬ ಶಬ್ದಕ್ಕೆ ತುದಿ, ಶಿಖರ ಎಂಬ ಅರ್ಥಗಳಿರುವುದರಿಂದ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪಾಶ್ಚಾತ್ಯ ಶಾಸ್ತ್ರಜ್ಞರು ಬಳಸುವ ಲ್ಯಾಟಿನ್ ಮೂಲದ 'ಏಪೆಕ್ಸ್' ಎಂಬುದಕ್ಕೂ ಶಿಖರವೆಂದೇ ಅರ್ಥ. ಆದರೆ ಕರುಳು ಒಂದು ಕೊಳವೆ. ಅದರ ಒಳಗೋಡೆಯಲ್ಲಿ ಎಷ್ಟೋ ಕೋಶಗಳು ತಲೆಕೆಳಗಾಗಿಯೇ ನಿಂತಿರುವುವು. ಆದುದರಿಂದ ಅಗ್ರವೆಂದರೆ ಹೊರಲೋಕಕ್ಕೆ ಎದುರಾದ ಕಡೆ ಎಂದು ತಿಳಿಯುವುದೇ ಯುಕ್ತ. ಉಂಡ ಅನ್ನ ಒಳಗೆ ಸೇರಿತೆಂಬುದು ಲೋಕರೂಢಿ. ಶಾಸ್ತ್ರದೃಷ್ಟಿಯಿಂದ ನೋಡಿದರೆ ಕರುಳಿನ ಟೊಳ್ಳಿನಲ್ಲಿರುವ ಅನ್ನವು ಇನ್ನೂ ದೇಹದ ಹೊರಗೇ ಇದೆ. ಈ ಅಗ್ರಮುಖವನ್ನು ದಾಟಿದ ಮೇಲೆಯೇ ಅದು ದೇಹಕ್ಕೆ ಸೇರಿದ್ದಾಗುವುದು.

ಸಣ್ಣ ಕರುಳಿನಲ್ಲಿ ಆಹಾರಸಾರವನ್ನು ಹೀರುವ ಕೋಶವು ಇದಕ್ಕೆ ಉತ್ತಮ ನಿದರ್ಶನ. ಅದರ ಎತ್ತರ ಮಿಲಿಮೀಟರಿನ ಸಾವಿರದಲ್ಲಿ ಸುಮಾರು 25 ಪಾಲು. ಹತ್ತೊಂಬತ್ತನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕದ ಮೂಲಕ ಇದನ್ನು ನೋಡಿದ ವಿದ್ವಾಂಸರಿಗೆ ಕೋಶದ ನೆತ್ತಿಯ ಮೇಲೆ ನವುರಾದ ಗೆರೆಗಳುಳ್ಳ ಅಂಚೊಂದು ಕಾಣಿಸಿತು. ಆ ಗೆರೆಗಳು ರಂಧ್ರಗಳೋ ಕಡ್ಡಿಗಳೋ ಎಂಬ ವಿವಾದ ಬಹುಕಾಲ ನಡೆಯಿತು. ಅದು ಬಗೆಹರಿಯದಿದ್ದುದಕ್ಕೆ ನೋಡಿದವರ ಅಜಾಗ್ರತೆ ಕಾರಣವಲ್ಲ. ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲಿಗಿಂತ ಕಿರಿದಾದುದನ್ನು ಬಿಡಿಬಿಡಿಯಾಗಿ ತೋರಿಸುವ ಶಕ್ತಿ ಆ ಉಪಕರಣಕ್ಕಿರಲಿಲ್ಲ. ಇಲ್ಲಿಯ ಒಂದೊಂದು ಗೆರೆಯ ದಪ್ಪವಾದರೋ ಹತ್ತು ಸಾವಿರದಲ್ಲಿ ಒಂದು ಪಾಲು. 1950ರಲ್ಲಿ ಗ್ರೇಂಜರ್ ಮತ್ತು ಬೇಕರ್ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ, ಅವು ಒತ್ತಾಗಿ ನಿಂತ ಬೆರಳಿನಾಕಾರದ ಚಾಚುಗಳೆಂದು ನಿರ್ಧಾರವಾಯಿತು. ಇವುಗಳನ್ನು ಸೂಕ್ಷ್ಮಾಂಕುರಗಳೆನ್ನಬಹುದು.

ಒಂದು ಕೋಶದ ನೆತ್ತಿಯ ಮೇಲೆ ಇಂತಹವು ಸುಮಾರು 3,000. ಒಂದೊಂದರ ಒಳಗೂ ಆಕ್ಟಿನ್ ಎಂಬ ಪ್ರೋಟೀನಿನ 20–30 ಎಳೆಗಳ ಕಟ್ಟು ನೆಟ್ಟಗೆ ನಿಂತಿದೆ. ವಿಲ್ಲಿನ್, ಫಿಂಬ್ರಿನ್ ಮೊದಲಾದ ಬೇರೆ ಪ್ರೋಟೀನುಗಳು ಆ ಎಳೆಗಳನ್ನು ಒಂದಕ್ಕೊಂದು ಬಿಗಿದಿವೆ. ಕಟ್ಟಿನ ಬುಡವು ಕೆಳಗಣ ನಾರುಬಲೆಯೊಂದರಲ್ಲಿ ಊರಿಕೊಂಡಿದೆ. ಈ ಏರ್ಪಾಡಿನಿಂದ ಹೀರುವ ಮೈಯ ವಿಸ್ತಾರ ಬಹಳ ಹೆಚ್ಚುವುದು. ಮನುಷ್ಯನ ಕರುಳನ್ನು ಬಿಡಿಸಿ ಹರಡಿದರೆ ಟೆನ್ನಿಸ್ ಆಟದ ಬಯಲಿನಷ್ಟಾಗುವುದೆಂದು ಹಲವು ಗ್ರಂಥಗಳಲ್ಲಿ ಬರೆದಿದೆ, ಇದು ಅತಿಶಯೋಕ್ತಿ. 2014ರಲ್ಲಿ ಸ್ವೀಡನ್ನಿನ ಹೆಲಾಂಡರ್ ಮತ್ತು ಫೇಂಡ್ರಿಕ್ಸ್ ಎಂಬ ವಿದ್ವಾಂಸರು ಮತ್ತೆ ಅಳತೆಮಾಡಿ ಅದು ಸುಮಾರು 30 ಚದರ ಮೀಟರು ಮಾತ್ರವೆಂದು ಕಂಡುಕೊಂಡರು. ಅದೂ ಅಲ್ಪವೇನಲ್ಲ.

ವಿಸ್ತಾರಕ್ಕಿಂತಲೂ ಮುಖ್ಯವಾದುದು ಈ ಅಂಕುರಗಳ ಪೊರೆಯಲ್ಲಿ ನೆಲೆಸಿರುವ ಪ್ರೋಟೀನುಗಳು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್, ಕಬ್ಬಿನ ಸಕ್ಕರೆಯನ್ನು ಒಡೆಯುವ ಸುಕ್ರೇಸ್ ಮುಂತಾದ ಕಿಣ್ವಗಳು ಅಗ್ರಮುಖದಲ್ಲಿಯೇ ನೆಟ್ಟಿರುವುವು. ಸೋಡಿಯಮ್ಮನ್ನು ಕೋಶದಿಂದ ಹೊರದೂಡುವ ಪಂಪು, ಅಂದರೆ 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಕಂಡುಹಿಡಿದ ಕಿಣ್ವವು, ಈ ಕೋಶದ ತಳಭಾಗದಲ್ಲಿ ಮಾತ್ರ ಉಂಟು. ಕೋಶದ ಪೊರೆಯಾದರೋ ಎಣ್ಣೆಯಂತೆ ಹರಿದಾಡುವ ಸ್ವಭಾವದ್ದು; ಅದರಲ್ಲಿ ತೇಲುವ ಪ್ರೋಟೀನುಗಳು ಕೂಡಲೇ ಬೆರೆತುಹೋಗಬೇಕಾಗಿತ್ತು. ಹಾಗಾಗದಂತೆ ತಡೆಯುವುದರಲ್ಲಿ ಎರಡು ಮುಖಗಳ ಎಲ್ಲೆಯಲ್ಲಿರುವ ಒಂದು ಬೇಲಿಗೆ ಪಾಲುಂಟು. 1963ರಲ್ಲಿ ಫಾರ್ಕ್ವಾರ್ ಮತ್ತು ಪಲಾಡೆ ಇದನ್ನು ವಿವರವಾಗಿ ವರ್ಣಿಸಿದರು. ಕೋಶದ ನೆತ್ತಿಯ ಸುತ್ತಲೂ ಒಡ್ಯಾಣದಂತೆ ಬಳಸಿಕೊಂಡು, ನೆರೆಯ ಕೋಶದ ಒಡ್ಯಾಣಕ್ಕೆ ಬೆಸೆದುಕೊಂಡಿರುವ ಈ ಬಿಗಿಬೆಸುಗೆಯು ಪೊರೆಯ ದ್ರವ್ಯಗಳನ್ನು ಆಯಾ ಕಡೆಯಲ್ಲಿಯೇ ನಿಲ್ಲಿಸುವುದಲ್ಲದೆ, ಕೋಶಗಳ ನಡುವಣ ಸಂದಿನಲ್ಲಿ ಏನೇನು ನುಸುಳಬಹುದೆಂಬುದನ್ನೂ ನಿಯಮಿಸುತ್ತದೆ.

ಬೇಲಿಯು ಬೆರಕೆಯನ್ನು ತಡೆಯಬಲ್ಲುದೇ ಹೊರತು ವಿಂಗಡಿಸಲಾರದು. ಹೊಸದಾಗಿ ತಯಾರಾದ ಪ್ರೋಟೀನು ಕೋಶದೊಳಗಿನಿಂದಲೇ ಸರಿಯಾದ ಮುಖಕ್ಕೆ ರವಾನೆಯಾಗಬೇಕು. 1978ರಲ್ಲಿ ರೊಡ್ರಿಗೆಝ್-ಬೂಲಾನ್ ಮತ್ತು ಸಬಾಟಿನಿ ಇದನ್ನು ವೈರಾಣುಗಳ ಸಹಾಯದಿಂದ ಸೊಗಸಾಗಿ ತೋರಿಸಿದರು: ಹೊದಿಕೆಕೋಶಗಳನ್ನು ಹೊಕ್ಕ ಇನ್‌ಫ್ಲುಯೆನ್ಜಾ ವೈರಾಣು ಅಗ್ರಮುಖದಿಂದ ಮಾತ್ರ ಮೊಳೆತು ಹೊರಬಿದ್ದರೆ, ಬೇರೊಂದು ಜಾತಿಯದು ತಳಮುಖದಿಂದ ಹೊರಬಿದ್ದಿತು. ಈ ರವಾನೆ ಕೆಟ್ಟರೆ ಏನಾಗುವುದೆಂಬುದಕ್ಕೆ ಶಿಶುಗಳಲ್ಲಿ ಬಹು ವಿರಳವಾಗಿ ಕಾಣುವ ಒಂದು ರೋಗವೇ ಸಾಕ್ಷಿ. ಸಾಗಾಣಿಕೆಯಲ್ಲಿ ಪಾಲುಗೊಳ್ಳುವ ಮಯೋಸಿನ್ ಪ್ರೋಟೀನೊಂದು ದೋಷಯುಕ್ತವಾಗಿರುವುದು ಇದಕ್ಕೆ ಕಾರಣವೆಂದು 2008ರಲ್ಲಿ ತಿಳಿದುಬಂದಿತು. ಇಂತಹ ಶಿಶುವಿನ ಕರುಳಿನ ಕೋಶಗಳ ನೆತ್ತಿ ಬೋಳಾಗಿದ್ದು, ಸೂಕ್ಷ್ಮಾಂಕುರಗಳು ಕೋಶದ ಒಡಲೊಳಗೆ ಗುಳ್ಳೆಗಳಲ್ಲಿ ಸಿಕ್ಕಿಬಿದ್ದಿರುತ್ತವೆ. ಎದೆಹಾಲು ಮೈಗೂಡದೆ, ಭೇದಿ ನಿಲ್ಲದೆ, ರಕ್ತನಾಳದ ಮೂಲಕ ಪೋಷಣೆ ದೊರೆಯದಿದ್ದರೆ ಮಗು ಉಳಿಯದು.

ಎರಡು ಮುಖಗಳು ಒಂದಕ್ಕೊಂದು ಹೇಗೆ ನೆರವಾಗುವುವೆಂಬುದನ್ನು ಗ್ಲೂಕೋಸಿನ ಪ್ರಯಾಣದಲ್ಲಿ ಕಾಣಬಹುದು. 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಇದರ ಮರ್ಮವನ್ನು ಮುಂದಿಟ್ಟರು. ತಳಭಾಗದ ಪಂಪು ಸೋಡಿಯಮ್ಮನ್ನು ಎಡೆಬಿಡದೆ ರಕ್ತದ ಕಡೆಗೆ ದೂಡುವುದರಿಂದ ಕೋಶದೊಳಗೆ ಅದರ ಕೊರತೆಯುಂಟಾಗುತ್ತದೆ. ಅದನ್ನು ತುಂಬಲು ಟೊಳ್ಳಿನಲ್ಲಿರುವ ಸೋಡಿಯಂ ಅಗ್ರಮುಖದ ವಾಹಕವೊಂದರ ಮೂಲಕ ಒಳನುಗ್ಗುತ್ತದೆ. ಆ ವಾಹಕವಾದರೋ ಸೋಡಿಯಮ್ಮನ್ನು ಒಂಟಿಯಾಗಿ ಒಯ್ಯದು, ಗ್ಲೂಕೋಸನ್ನು ಜೊತೆಯಲ್ಲಿ ಕರೆದೊಯ್ಯುವುದು. ಇವೆರಡರ ಹಿಂದೆ ನೀರು ಹರಿಯುತ್ತದೆ. ವಾಹಕವು ತಳದಲ್ಲಿಯೂ ಪಂಪು ಅಗ್ರದಲ್ಲಿಯೂ ಇದ್ದಿದ್ದರೆ ಪ್ರವಾಹವು ತಿರುಗುಮುರುಗಾಗಿ ಉಣ್ಣುವುದೇ ವ್ಯರ್ಥವಾಗುತ್ತಿತ್ತು.

ಕಾಲರಾ ಬೇನೆ ದಾಳಿಯಿಡುವುದೂ ಈ ಅಗ್ರಮುಖದ ಮೇಲೆಯೇ. ರೋಗಾಣುವು ಕರುಳಿನ ಹೊದಿಕೆಯನ್ನೇ ಸುಲಿದುಹಾಕುತ್ತದೆಂದು ವೈದ್ಯರು ಬಹುಕಾಲ ನಂಬಿದ್ದರು. ಸುಲಿದ ಕರುಳಿಗೆ ಬಾಯಿಂದ ಏನು ಕೊಟ್ಟು ಏನು ಪ್ರಯೋಜನ? ಆದರೆ 1959ರಲ್ಲಿ ಕಲ್ಕತ್ತೆಯ ಶಂಭುನಾಥ ದೇ ಅವರು, ರೋಗಾಣುಗಳನ್ನು ಸೋಸಿ ತೆಗೆದ ದ್ರವವೊಂದರಿಂದಲೇ ಮೊಲದ ಕರುಳಿನಲ್ಲಿ ನೀರು ತುಂಬಿಕೊಳ್ಳುವುದನ್ನು ತೋರಿಸಿ, ಇದು ವಿಷದ ಕೆಲಸವೆಂದು ಸ್ಥಾಪಿಸಿದರು. 1960ರಲ್ಲಿ ಗಂಗರೋಸ ಮತ್ತು ಅವರ ಸಂಗಡಿಗರು ಜೀವಂತ ರೋಗಿಗಳ ಕರುಳಿನ ತುಣುಕುಗಳನ್ನು ಪರೀಕ್ಷಿಸಿ ಹೊದಿಕೆಯು ಅಖಂಡವಾಗಿರುವುದನ್ನು ಕಂಡರು. ಮುಂದೆ ತಿಳಿದುಬಂದಂತೆ, ಈ ವಿಷವು ಅಗ್ರಮುಖದ ಒಂದು ಕೊಬ್ಬಿನ ಅಣುವಿಗೆ ಅಂಟಿಕೊಂಡು ಒಳಹೊಕ್ಕು, ಅದೇ ಮುಖದಲ್ಲಿರುವ ಕ್ಲೋರೈಡಿನ ಬಾಗಿಲುಗಳು ತೆರೆದೇ ಇರುವಂತೆ ಮಾಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಮ್ಮೂ ಅದರ ಹಿಂದೆ ನೀರೂ ಟೊಳ್ಳಿಗೆ ಸುರಿಯುತ್ತವೆ. ರೋಗ ಉಲ್ಬಣವಾದಾಗ ಗಂಟೆಗೆ ಒಂದು ಲೀಟರಿನವರೆಗೆ ನೀರು ನಷ್ಟವಾಗಬಹುದು.

ಹೀಗಿದ್ದರೂ ಗ್ಲೂಕೋಸಿನ ವಾಹಕಕ್ಕೆ ವಿಷ ತಟ್ಟುವುದಿಲ್ಲ. ಒಂದು ಬಾಗಿಲು ಕೆಟ್ಟು ಸೋರುತ್ತಿರುವಾಗಲೂ ಅದೇ ಗೋಡೆಯ ಇನ್ನೊಂದು ಬಾಗಿಲು ಎಂದಿನಂತೆ ಒಳಗೊಯ್ಯುತ್ತಿರುವುದು. ಬರಿಯ ಉಪ್ಪುನೀರು ಕುಡಿಸಿದರೆ ಕಾಲರಾ ರೋಗಿಗೆ ಗುಣವಾಗದಿದ್ದುದೂ, ಅದಕ್ಕೆ ಗ್ಲೂಕೋಸು ಬೆರೆಸಿದಾಗ ಗುಣವಾದುದೂ ಇದರಿಂದಲೇ. 1968ರಲ್ಲಿ ಢಾಕಾದಲ್ಲಿ ನಾಲಿನ್, ಕ್ಯಾಶ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ರೋಗಿಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ಗಡಿಯ ಬನಗಾಂವ್ ಊರಿನಲ್ಲಿ ಕಾಲರಾಕ್ಕೆ ತುತ್ತಾಗಿ, ನರಕ್ಕೆ ಏರಿಸುವ ಲವಣದ್ರಾವಣ ತೀರುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡ ಬೆರೆಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಅಲ್ಲಿ ನೂರಕ್ಕೆ 30ರವರೆಗೆ ಇದ್ದ ಮರಣಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು.

ಗ್ಲೂಕೋಸು ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬಾರದು. ವಾಹಕದ ಶಕ್ತಿಯನ್ನು ಮೀರಿದ ಸಕ್ಕರೆ ಟೊಳ್ಳಿನಲ್ಲಿಯೇ ಉಳಿದು ನೀರನ್ನು ತನ್ನ ಕಡೆಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ದ್ರಾವಣದ ಸಕ್ಕರೆಯನ್ನೂ ಉಪ್ಪನ್ನೂ ತಗ್ಗಿಸಿದುದು ಈ ಕಾರಣದಿಂದ. 1980ರ ದಶಕದಲ್ಲಿ ಢಾಕಾದ ವೈದ್ಯರು ಗ್ಲೂಕೋಸಿನ ಬದಲು ಅಕ್ಕಿಹಿಟ್ಟನ್ನು ಬೇಯಿಸಿ ಉಪ್ಪು ಸೇರಿಸಿ ಕೊಟ್ಟು ನೋಡಿದರು. ಕಾಲರಾ ರೋಗಿಗಳಲ್ಲಿ ಭೇದಿಯ ಪ್ರಮಾಣ ಕಡಿಮೆಯಾಯಿತು. ಪಿಷ್ಟದ ಅಣು ದೊಡ್ಡದಾದುದರಿಂದ ಅದು ನೀರನ್ನು ಅಷ್ಟಾಗಿ ಎಳೆಯದು. ಕರುಳಿನ ರಸದಲ್ಲಿ ಒಡೆದು ಚೂರಾದುದನ್ನು ಸೂಕ್ಷ್ಮಾಂಕುರಗಳ ಕಿಣ್ವಗಳು ವಾಹಕದ ಪಕ್ಕದಲ್ಲಿಯೇ ಗ್ಲೂಕೋಸಾಗಿ ಬಿಡಿಸಿ, ಅದು ಹೊರುವಷ್ಟನ್ನೇ ಸ್ವಲ್ಪಸ್ವಲ್ಪವಾಗಿ ಒಪ್ಪಿಸುವುವು. ಜ್ವರ, ಭೇದಿಗಳಲ್ಲಿ ಕನ್ನಡನಾಡಿನ ಮನೆಗಳಲ್ಲಿ ಕೊಡುತ್ತ ಬಂದಿರುವ ಉಪ್ಪು ಹಾಕಿದ ತಿಳಿಗಂಜಿಯಲ್ಲಿಯೂ ಇರುವುದು ಅದೇ ಪಿಷ್ಟ, ಅದೇ ಸೋಡಿಯಂ.