ಕಡಿಮೆ ಬೆಲೆಗೆ ಒಳ್ಳೆಯ ಕೋವಿ: ಕೊಳ್ಳುವ ಮುನ್ನ ನೋಡಬೇಕಾದ್ದು

ಅಜ್ಜನ ಕಾಲದ ಕೇಪಿನ ಕೋವಿ ಬಿಟ್ಟು ತೋಟೆ ಹಾಕುವ ಕೋವಿ ಕೊಳ್ಳಬೇಕೆಂದುಕೊಂಡ ಬೆಳೆಗಾರರು, ಒಂಟಿ ಮನೆಯ ಕಾವಲಿಗೆಂದು ಹೊಸದಾಗಿ ಲೈಸೆನ್ಸ್ ಪಡೆದವರು ಅಂಗಡಿಗೆ ಹೋದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಕಂಪನಿಯದು? ಕೈಯಲ್ಲಿ ಹಣ ಕಡಿಮೆಯಿದ್ದರೆ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. 1980ರ ದಶಕದ ಮಧ್ಯದಿಂದ ನಮ್ಮಲ್ಲಿ ಸಾಮಾನ್ಯ ನಾಗರಿಕರು ವಿದೇಶಿ ಬಂದೂಕು ಆಮದು ಮಾಡಿಕೊಳ್ಳುವಂತಿಲ್ಲ. ಅದಕ್ಕೂ ಮೊದಲು ಬಂದಿಳಿದ ವೆಬ್ಲಿ ಸ್ಕಾಟ್, ಗ್ರೀನರ್, ಬಿಎಸ್‌ಎ ಕೋವಿಗಳೇ ಇಂದಿಗೂ ಕೈಯಿಂದ ಕೈಗೆ ತಿರುಗುತ್ತಿವೆ. ಅವುಗಳ ಬೆಲೆಯಲ್ಲಿ ಹೆಸರಿನ ಪಾಲೇ ದೊಡ್ಡದು. ಹೊರಗೆ ಬೆಳ್ಳಿಯಂಥ ಕೆತ್ತನೆ ಇದ್ದು, ಒಳಗೆ ನಳಿಗೆ ತುಕ್ಕು ತಿಂದು ಗುಳಿಬಿದ್ದ ಹಳೆಯ ಇಂಗ್ಲಿಷ್ ಕೋವಿಗಿಂತ ಬಿಗಿಯಾಗಿ ಮುಚ್ಚುವ ಸಾದಾ ದೇಶಿ ಕೋವಿ ಸಾವಿರ ಪಾಲು ಮೇಲು.

ಯಾವ ಕೋವಿ ಕೊಳ್ಳಬಹುದು ಎಂಬುದನ್ನು ಮೊದಲು ತೀರ್ಮಾನಿಸುವುದು ಲೈಸೆನ್ಸ್. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಬೆಳೆ ರಕ್ಷಣೆಗೆ ಮೊದಲು ಸಿಗುವುದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯ ಪರವಾನಗಿ. ಅದು ಸಾಲದು ಎಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ತೋಟೆ ಕೋವಿಗೂ ಅನುಮತಿ ಕೊಡಬಹುದು. ಹಾಗಾಗಿ ಅರ್ಜಿಯಲ್ಲಿ ನಿಮ್ಮ ತೋಟ ಎಲ್ಲಿದೆ, ಏನು ನಷ್ಟವಾಗುತ್ತಿದೆ, ಕೇಪಿನ ಕೋವಿ ಏಕೆ ಸಾಲದು ಎಂಬುದನ್ನು ಬಿಡಿಸಿ ಬರೆಯಿರಿ. ಲೈಸೆನ್ಸ್ ಕೈಗೆ ಬರುವ ಮೊದಲೇ ಯಾರಿಗೂ ಮುಂಗಡ ಕೊಡಬೇಡಿ.

ಕೊಡಗಿನ ಮಾತು ಬೇರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಅಲ್ಲಿಯವರು ಲೈಸೆನ್ಸ್ ಬದಲು ವಿನಾಯಿತಿ ಪತ್ರದ ಮೇಲೆ ಕೋವಿ ಇಟ್ಟುಕೊಳ್ಳುತ್ತಾರೆ. ಕೋವಿಯನ್ನು ಪರೀಕ್ಷಿಸುವ ಕ್ರಮ ಮಾತ್ರ ಎಲ್ಲರಿಗೂ ಒಂದೇ.

ಇನ್ನೊಂದು ದಾರಿಯನ್ನು ಬಹಳ ಜನ ಮರೆಯುತ್ತಾರೆ. ಮನೆಯಲ್ಲೇ ಹಿರಿಯರ ಹೆಸರಿನಲ್ಲಿ ಕೋವಿ ಇದ್ದರೆ ಹೊಸದು ಕೊಳ್ಳುವ ಅಗತ್ಯವೇ ಬೀಳದೆ ಇರಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರರು ತೀರಿಕೊಂಡ ಮೇಲೆ ಅವರ ವಾರಸುದಾರರು ಅದೇ ಕೋವಿಗೆ ಅರ್ಜಿ ಹಾಕಬಹುದು. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಆ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು. ಆಗ ಖರ್ಚು ರಿಪೇರಿಯದಷ್ಟೇ.

ಕೊಳ್ಳಲೇಬೇಕಾದರೆ 12 ಬೋರನ್ನೇ ಆರಿಸಿ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಮಾಡಿದರೆ ಒಂದೊಂದೂ ಎಷ್ಟು ದಪ್ಪ ಬರುತ್ತದೋ ಅಷ್ಟೇ ಅಗಲದ ನಳಿಗೆ ಅದು, ಸುಮಾರು 18.5 ಮಿಲಿಮೀಟರ್. ಹಳೆಯ 16 ಬೋರ್, 20 ಬೋರ್ ಕೋವಿಗಳು ಕೆಲವೊಮ್ಮೆ ಅಗ್ಗಕ್ಕೆ ಸಿಗುತ್ತವೆ. ಆದರೆ ತಾಲೂಕು ಕೇಂದ್ರದ ಅಂಗಡಿಯಲ್ಲಿ ಅವುಗಳ ತೋಟೆ ಸಿಗುವುದು ಕಷ್ಟ. ತೋಟೆ ಸಿಗದ ಕೋವಿ ಎಷ್ಟು ಅಗ್ಗವಾದರೂ ದುಬಾರಿಯೇ.

ಹೊಸದರಲ್ಲಿ ಎಲ್ಲಕ್ಕಿಂತ ಅಗ್ಗ ಒಂಟಿ ನಳಿಗೆ. ಬಿಹಾರದ ಮುಂಗೇರ್ ಮತ್ತು ಜಮ್ಮುವಿನ ಪರವಾನಗಿ ಪಡೆದ ಕಾರ್ಖಾನೆಗಳಲ್ಲಿ ಒಂಟಿ ನಳಿಗೆಯದೂ ಜೋಡು ನಳಿಗೆಯದೂ ತಯಾರಾಗುತ್ತವೆ. ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಕೋವಿಗಳೂ ಇವೆ, ಅವುಗಳಲ್ಲಿ ಪಂಪ್ ಆಕ್ಷನ್ ಕೂಡ ಉಂಟು. ಒಂಟಿ ನಳಿಗೆಯಲ್ಲಿ ಬಿಡಿಭಾಗ ಕಡಿಮೆ, ಕೆಡುವುದೂ ಕಡಿಮೆ. ಕೋವಿ ಮಡಚಿದರೆ ಒಳಗೆ ತೋಟೆ ಇದೆಯೇ ಇಲ್ಲವೇ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಮನೆಯಲ್ಲಿ ಮಕ್ಕಳಿರುವವರಿಗೆ ಇದು ಸಣ್ಣ ಗುಣವಲ್ಲ. ಜೋಡು ನಳಿಗೆಯಲ್ಲಿ ಹೋದರೆ ಎರಡು ಟ್ರಿಗರ್ ಇರುವುದನ್ನೇ ತೆಗೆದುಕೊಳ್ಳಿ, ಖಾಲಿ ತೋಟೆಯನ್ನು ತಾನೇ ಹೊರಕ್ಕೆ ಚಿಮ್ಮಿಸುವ ಇಜೆಕ್ಟರ್ ಬೇಡ. ಒಂದು ಟ್ರಿಗರ್ ಕೈಕೊಟ್ಟರೂ ಇನ್ನೊಂದು ನಳಿಗೆ ಕೆಲಸ ಮಾಡುತ್ತದೆ, ಬೆರಳಿನಿಂದ ತೋಟೆ ಎಳೆದು ತೆಗೆಯುವುದಕ್ಕೆ ಯಾವ ಸ್ಪ್ರಿಂಗೂ ಬೇಕಿಲ್ಲ. ಪಂಪ್ ಆಕ್ಷನ್ ಒಳ್ಳೆಯ ಯಂತ್ರವೇ. ಆದರೆ ಬಿಚ್ಚಿ ಒರೆಸುವ ತಾಳ್ಮೆ ಇಲ್ಲದವರ ಕೈಯಲ್ಲಿ ಮಲೆನಾಡಿನ ಮಳೆಗಾಲಕ್ಕೆ ಅದು ಬೇಗ ಸಿಕ್ಕಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಹಣಕ್ಕೆ ತಕ್ಕ ಬೆಲೆ ಸಿಗುವುದು ಸೆಕೆಂಡ್ ಹ್ಯಾಂಡ್ ಜೋಡು ನಳಿಗೆಯಲ್ಲಿ, ಆದರೆ ನೋಡಿ ಕೊಳ್ಳಬಲ್ಲವರಿಗೆ ಮಾತ್ರ. ನೋಡುವುದನ್ನು ಯಾರು ಬೇಕಾದರೂ ಕಲಿಯಬಹುದು.

ಮೊದಲು ಕೋವಿ ಖಾಲಿಯಿದೆಯೇ ನೋಡಿ, ಅಂಗಡಿಯವರು ಖಾಲಿ ಎಂದಿದ್ದರೂ ನೀವೇ ಮಡಚಿ ನೋಡಿ. ಆಮೇಲೆ ನಳಿಗೆಯ ಕೆಳಗಿನ ಮರವನ್ನು, ಅಂದರೆ ಫೋರ್‌ಎಂಡನ್ನು ಕಳಚಿ. ಅದು ಇದ್ದರೆ ಸಡಿಲವಾದ ಕೀಲನ್ನೂ ಒತ್ತಿ ಹಿಡಿದು ಬಿಗಿಯಾಗಿರುವಂತೆ ತೋರಿಸುತ್ತದೆ. ಕೋವಿ ಮುಚ್ಚಿ, ಹೆಗಲಿಗೆ ಆನಿಸುವ ಮರದ, ಅಂದರೆ ಕುಂದದ ಕೊರಳು ಹಿಡಿದು ಮೆಲ್ಲಗೆ ಅಲುಗಾಡಿಸಿ. ಟಕ್ ಟಕ್ ಎಂದರೆ ಕೀಲು ಸವೆದಿದೆ. ನಳಿಗೆಯ ಹಿಂತುದಿಗೂ ಅದು ಬಂದು ಕೂರುವ ಮುಖಕ್ಕೂ ನಡುವೆ ಬೆಳಕು ಕಾಣುವುದೇ ಎಂದು ಕಿಟಕಿಗೆ ಹಿಡಿದು ನೋಡಿ. ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಈಡು ಹಾರುವಾಗ ಅಷ್ಟೂ ಒತ್ತಡ ತಡೆಯುವ ಜಾಗ ಅದು, ನಿಮ್ಮ ಮುಖ ಇರುವುದು ಅದರ ಹಿಂದೆಯೇ. ಮೇಲಿನ ಲಿವರನ್ನೂ ಗಮನಿಸಿ. ಗಟ್ಟಿ ಕೋವಿಯಲ್ಲಿ ಮುಚ್ಚಿದಾಗ ಅದು ನಡುಗೆರೆಗಿಂತ ಕೊಂಚ ಬಲಕ್ಕೆ ನಿಲ್ಲುತ್ತದೆ. ನಡು ದಾಟಿ ಎಡಕ್ಕೆ ವಾಲಿದ್ದರೆ ಬಹಳ ದುಡಿದು ಸವೆದ ಕೋವಿ ಎಂದು ತಿಳಿಯಿರಿ.

ಇನ್ನು ನಳಿಗೆಯನ್ನು ಪೂರ್ತಿ ಕಳಚಿ, ಅದರ ಕೊಕ್ಕೆಯನ್ನು ಒಂದು ಬೆರಳಿಗೆ ತೂಗುಬಿಟ್ಟು, ಮರದ ತುಂಡಿನಿಂದ ಸಣ್ಣಗೆ ತಟ್ಟಿ. ಸರಿಯಿದ್ದರೆ ದೇವಸ್ಥಾನದ ಗಂಟೆಯಂತೆ ನಾದ ಎಳೆಯುತ್ತದೆ. ಝರ್ ಎಂದು ಒಡಕು ದನಿ ಬಂದರೆ ಎರಡು ನಳಿಗೆಗಳನ್ನು ಸೇರಿಸುವ ಪಟ್ಟಿಯ ಬೆಸುಗೆ ಬಿಟ್ಟಿದೆ. ಅದನ್ನು ಮತ್ತೆ ಬೆಸೆಯುವುದು ಒಳ್ಳೆಯ ಕೋವಿ ಮೇಸ್ತ್ರಿಯ ಕೆಲಸ, ಖರ್ಚೂ ಹೆಚ್ಚು.

ಮಾರುವವರು ಒಳಗೆ ಎಣ್ಣೆ ಸವರಿ ಕೊಡುವುದುಂಟು. ಎಣ್ಣೆ ಸಣ್ಣ ಗುಳಿಗಳನ್ನು ಮುಚ್ಚಿ ನಳಿಗೆಯನ್ನು ಹೊಳೆಯಿಸುತ್ತದೆ. ಒಣ ಬಟ್ಟೆಯಿಂದ ಉಜ್ಜಿದ ಮೇಲೆಯೇ ಟ್ಯೂಬ್‌ಲೈಟಿನ ಕಡೆಗೆ ಹಿಡಿದು ಎರಡೂ ತುದಿಯಿಂದ ನೋಡಿ. ಮೂತಿಯ ಕಡೆ ತುಸು ಮಂಕಾಗಿದ್ದರೆ ಚಿಂತೆಯಿಲ್ಲ. ತೋಟೆ ಕೂರುವ ಕೋಣೆಯ ಹತ್ತಿರ ಆಳದ ಗುಳಿಗಳಿದ್ದರೆ ಬೇಡ. ನಳಿಗೆಯೊಳಗೆ ಕಪ್ಪು ಬಳೆಯಂಥ ನೆರಳು ಕಂಡರೆ ಅದು ಉಬ್ಬು, ಹಿಂದೆ ಯಾರೋ ಮಣ್ಣೋ ಬಟ್ಟೆಯೋ ಸಿಕ್ಕಿದ್ದಾಗ ಹೊಡೆದಿದ್ದಾರೆ. ಹೊರಗಿನಿಂದ ತಗ್ಗಾದ ನಳಿಗೆಯನ್ನು ಮೇಸ್ತ್ರಿ ಎತ್ತಿ ಸರಿಮಾಡಬಹುದು, ಉಬ್ಬಿದ ನಳಿಗೆಯನ್ನು ಯಾವ ಬೆಲೆಗೂ ಮುಟ್ಟಬೇಡಿ. ಮೇಲ್ಮೈಯಲ್ಲಿ ಅಲೆಅಲೆಯಾದ ವಿನ್ಯಾಸ ಕಂಡರೆ ಅದು ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಮಾಡಿದ ಡಮಾಸ್ಕಸ್ ನಳಿಗೆಯಿರಬಹುದು. ನೋಡಲು ಬಹಳ ಚೆಂದ. ಕರಿಮದ್ದಿನ ಕಾಲದ ಆ ನಳಿಗೆಗೆ ಇಂದಿನ ತೋಟೆ ತುಂಬಬಾರದು.

ತೋಟೆಯ ಉದ್ದ ಇನ್ನೊಂದು ಬಲೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಕೋಣೆ 65 ಮಿಲಿಮೀಟರ್ ಇರುತ್ತದೆ, ಈಗಿನವುಗಳಲ್ಲಿ 70. ಉದ್ದ ತೋಟೆಯೂ ಗಿಡ್ಡ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ, ಏಕೆಂದರೆ ಹೊಡೆಯುವ ಮೊದಲು ಅದರ ಬಾಯಿ ಮಡಚಿರುತ್ತದೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ನಳಿಗೆಯ ಬುಡದಲ್ಲಿ ಒತ್ತಿರುವ ಅಳತೆಯನ್ನೂ ಪ್ರೂಫ್ ಮುದ್ರೆಯನ್ನೂ ಓದಿ. ಅರ್ಥವಾಗದಿದ್ದರೆ ಮೇಸ್ತ್ರಿಗೆ ಗೇಜ್ ಹಾಕಿ ನೋಡಲು ಹೇಳಿ.

ಟ್ರಿಗರ್ ವಿಷಯದಲ್ಲಿ ಹಗುರ ಎಂಬುದು ಹೊಗಳಿಕೆಯಲ್ಲ. ಪೊಳ್ಳು ತೋಟೆ ಹಾಕಿ, ಕುದುರೆಯನ್ನು, ಅಂದರೆ ಹ್ಯಾಮರನ್ನು ಏರಿಸಿ, ಕುಂದದ ತಳವನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ ನೋಡಿ. ಅಷ್ಟಕ್ಕೇ ಕುದುರೆ ಬಿದ್ದರೆ ಆ ಕೋವಿ ಕಾಡುದಾರಿಯಲ್ಲಿ ಜಾರಿ ಬಿದ್ದವರ ಜೀವ ತೆಗೆಯಬಲ್ಲದು. ಸೇಫ್ಟಿ ಇದೆಯಲ್ಲ ಎನ್ನಬೇಡಿ, ಬಹಳಷ್ಟು ಕೋವಿಗಳಲ್ಲಿ ಅದು ಟ್ರಿಗರನ್ನಷ್ಟೇ ಹಿಡಿಯುತ್ತದೆ, ಒಳಗಿನ ಕುದುರೆಯನ್ನಲ್ಲ. ಕುಂದದ ಕೊರಳಿನಲ್ಲಿ ಕೂದಲೆಳೆಯ ಬಿರುಕು, ಮೇಣ ತುಂಬಿದ ಗುರುತು ಇದೆಯೇ ಎಂದು ಉಗುರು ಆಡಿಸಿ ನೋಡಿ.

ತೂಕವೂ ಮುಖ್ಯ. ಇಂಗ್ಲೆಂಡಿನ ಬಂದೂಕು ತಯಾರಕ ಗ್ರೀನರ್ ಹೇಳಿದ ಲೆಕ್ಕದಂತೆ ಕೋವಿ ತಾನು ಹಾರಿಸುವ ಚರೆಯ 96 ಪಟ್ಟು ತೂಗಬೇಕು. 32 ಗ್ರಾಂ ಚರೆಯ ತೋಟೆಗೆ ಸುಮಾರು 3 ಕಿಲೋ. ತೀರಾ ಹಗುರದ ಒಂಟಿ ನಳಿಗೆ ಹೊತ್ತು ನಡೆಯಲು ಹಾಯೆನಿಸಿದರೂ ಹೆಗಲಿಗೆ ಕೊಡುವ ಹೊಡೆತ ಜೋರು.

ಮೂತಿಯ ಬಿಗಿ, ಅಂದರೆ ಚೋಕ್, ತೋಟದ ಕಾವಲಿಗೆ ದೊಡ್ಡ ವಿಚಾರವಲ್ಲ. ಫುಲ್ ಚೋಕ್ ನಳಿಗೆ 40 ಗಜದಾಚೆ 30 ಇಂಚಿನ ವೃತ್ತದೊಳಗೆ ನೂರಕ್ಕೆ 70ರಷ್ಟು ಚರೆ ಹಾಕುತ್ತದೆ, ಚೋಕ್ ಇಲ್ಲದ ನಳಿಗೆ 40ರಷ್ಟು. ಹತ್ತಿರದ ಕೆಲಸಕ್ಕೆ ಎರಡನೆಯದೂ ಸಾಕು. ಚೋಕ್ ಇಲ್ಲವೆಂದು ಅಂಗಡಿಯವರು ಬೆಲೆ ಇಳಿಸಿದರೆ ಒಳ್ಳೆಯದೇ ಆಯಿತು. ಆದರೆ ನಳಿಗೆ ಕತ್ತರಿಸಿ ಗಿಡ್ಡ ಮಾಡಿದ್ದೇ ಎಂದು ಅಳೆದು ನೋಡಿ. ಹಾಗೆ ಗಿಡ್ಡ ಮಾಡುವುದು ಅಪರಾಧ.

ನಂಬರ್ ಅಳಿಸಿದ, ಕಾಗದವಿಲ್ಲದ ಕೋವಿ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. ಅದು ಜೈಲಿಗೆ ದಾರಿ. ಲೈಸೆನ್ಸ್ ಇರುವ ನೆರೆಯವರಿಂದಲೇ ಕೊಂಡರೂ ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು. ಕಾಯುವ ಆ ದಿನಗಳಲ್ಲಿ ಮೇಸ್ತ್ರಿಯಿಂದ ಕೋವಿ ನೋಡಿಸಿಕೊಳ್ಳಿ.

ಇರುವ ಹಣವನ್ನೆಲ್ಲ ಕೋವಿಗೇ ಸುರಿಯಬೇಡಿ. ನಳಿಗೆ ಒರೆಸುವ ಕೋಲು, ಎಣ್ಣೆ, ಗೋಡೆಗೆ ಬಿಗಿದ ಬೀಗದ ಕಬ್ಬಿಣದ ಪೆಟ್ಟಿಗೆ, ಸ್ವಲ್ಪ ತೋಟೆ, ಇವಿಷ್ಟಕ್ಕೂ ಎತ್ತಿಡಿ. ಮಳೆಗಾಲದಲ್ಲಿ ಕೋವಿಯನ್ನು ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ತೇವ ಹಿಡಿದು ವಾರದಲ್ಲೇ ತುಕ್ಕು ಏಳುತ್ತದೆ, ಪೆಟ್ಟಿಗೆಯಲ್ಲಿ ಗಾಳಿಯಾಡುವಂತೆ ನಿಲ್ಲಿಸಿಡಿ. ತೋಟೆಯನ್ನು ಬೇರೆ ಕಡೆ ಬೀಗ ಹಾಕಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೋ ಅಂಗಡಿಗೋ ಒಪ್ಪಿಸಬೇಕಾಗಬಹುದು. ವಾಪಸ್ ತಂದ ದಿನವೇ ಬಿಚ್ಚಿ ಒರೆಸಿ.

ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಂದಿಯೂ ಸಂರಕ್ಷಿತ ಪಟ್ಟಿಯಲ್ಲಿದೆ. ಬೆಳೆ ತಿಂದರೂ ಅದನ್ನು ಹೊಡೆಯಲು ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೋವಿಗೆ ಹಣ ಕೊಡುವ ಮೊದಲು ನಿಮ್ಮ ವಲಯದ ಅರಣ್ಯ ಕಚೇರಿಗೆ ಹೋಗಿ, ಆ ಅನುಮತಿ ಪಡೆಯುವ ಕ್ರಮವನ್ನು ಕೇಳಿ ತಿಳಿದುಕೊಂಡು ಬನ್ನಿ.