ದೌತಿಯಿಂದ ಜಿಗಿದ ಕೋಡಂಗಿ

ದೊಡ್ಡ ಹಾಳೆಯ ಮೇಲೆ ಕಲಾವಿದರು ಒಂದು ಮುಖ ಬರೆಯುತ್ತಾರೆ, ಪಕ್ಕದಲ್ಲಿ ಬಾಟಲಿ, ಗ್ಲಾಸು. ಕೈ ಚಾಚಿ ಬಾಟಲಿಯನ್ನು ಹಾಳೆಯಿಂದಲೇ ಎತ್ತಿಕೊಂಡರೆ ಅದು ನಿಜವಾದ ಬಾಟಲಿ! 1900ರ ‘ದಿ ಎನ್‌ಚಾಂಟೆಡ್ ಡ್ರಾಯಿಂಗ್’ ಎಂಬ ಈ ಪುಟ್ಟ ಮೂಕಿ ಜೆ. ಸ್ಟುವರ್ಟ್ ಬ್ಲ್ಯಾಕ್‌ಟನ್ ಅವರದು. ಕ್ಯಾಮೆರಾ ನಿಲ್ಲಿಸಿ, ವಸ್ತು ಬದಲಿಸಿ, ಮತ್ತೆ ಓಡಿಸುವುದೇ ಇದರ ಗುಟ್ಟು. ಮನುಷ್ಯರೂ ಗೆರೆಚಿತ್ರಗಳೂ ಕೂಡಿ ಆಡುವ ಕಾರ್ಟೂನುಗಳಿಗೆ ದಾರಿ ತೆರೆದದ್ದು ಇಂಥ ಆಟಗಳೇ.

1914ರಲ್ಲಿ ವಿನ್ಸರ್ ಮೆಕೇ ‘ಗರ್ಟೀ’ ಎಂಬ ಡೈನೋಸಾರನ್ನು ಪರದೆಗೆ ತಂದರು. ತಾವು ಚಾಟಿ ಹಿಡಿದು ರಂಗದ ಮೇಲೆ ನಿಂತು ಅದಕ್ಕೆ ಆಜ್ಞೆ ಮಾಡುತ್ತಿದ್ದರು. ಗದರಿದರೆ ಅದು ಅಳುತ್ತಿತ್ತು. ಆಳಂದ, ಅಫಜಲಪುರದ ಕಡೆ ದೊಡ್ಡಾಟ ನೋಡಿದವರಿಗೆ ಈ ಸೊಗಸು ಬೇಗ ತಿಳಿಯುತ್ತದೆ: ವೇಷ ಕಟ್ಟಿ ಬಂದ ರಾಜನನ್ನು ಸಾರಥಿ ಮಾತಿಗೆಳೆಯುವ ಹಾಗೆಯೇ ಇದು. ಕೊನೆಗೆ ಮೆಕೇ ಪರದೆಯ ಹಿಂದೆ ಸರಿಯುತ್ತಿದ್ದಂತೆ ಚಿತ್ರದ ಮೆಕೇ ಒಳಗೆ ಪ್ರತ್ಯಕ್ಷ! ಇದಕ್ಕೆ ಸಾವಿರಾರು ಚಿತ್ರ ಬೇಕಾದವು. ಪ್ರತಿ ಹಾಳೆಯಲ್ಲೂ ಹಿನ್ನೆಲೆಯ ಬಂಡೆ, ಮರಗಳನ್ನು ತಿರುಗಿ ಬರೆದವರು ಸಹಾಯಕ ಜಾನ್ ಫಿಟ್ಜ್‌ಸಿಮನ್ಸ್. ಆ ತಾಳ್ಮೆಗೆ ಕೈಮುಗಿಯಬೇಕು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮ್ಯಾಕ್ಸ್ ಫ್ಲೈಶರ್ ಅವರ ‘ಔಟ್ ಆಫ್ ದಿ ಇಂಕ್‌ವೆಲ್’ ಸರಣಿ. ತಮ್ಮ ಡೇವ್‌ಗೆ ಕೋಡಂಗಿ ವೇಷ ತೊಡಿಸಿ, ಕುಣಿಸಿ, ಮ್ಯಾಕ್ಸ್ ಅದನ್ನು ಚಿತ್ರೀಕರಿಸಿದರು. ಆ ಫಿಲ್ಮಿನ ಒಂದೊಂದೇ ಚೌಕಟ್ಟನ್ನು ಗಾಜಿನ ಮೇಲೆ ಬೀಳಿಸಿ ಅದರ ಗೆರೆಯನ್ನು ಹಾಳೆಗೆ ತೆಗೆದರು. ರೋಟೋಸ್ಕೋಪ್ ಎಂಬ ಈ ವಿಧಾನಕ್ಕೆ 1917ರಲ್ಲಿ ಪೇಟೆಂಟ್ ಸಿಕ್ಕಿತು. ಹಾಗೆ ಹುಟ್ಟಿದ ಕೋಡಂಗಿ ಕೋಕೋ. ಮ್ಯಾಕ್ಸ್ ಮೇಜಿನ ಮುಂದೆ ಕುಳಿತಿದ್ದರೆ ದೌತಿಯಿಂದ ಅವನು ಹೊರಬರುತ್ತಾನೆ, ತನ್ನನ್ನು ಬರೆದವರನ್ನೇ ಕಾಡುತ್ತಾನೆ. 1921ರ ‘ಮಾಡೆಲಿಂಗ್’ನಲ್ಲಂತೂ ಶಿಲ್ಪಿಯ ಜೇಡಿಮಣ್ಣಿನ ಮೂರ್ತಿಯನ್ನೂ ಬಿಡುವುದಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಗೆರೆಯ ಗೊಂಬೆಗೆ ಇಷ್ಟು ಹಟ, ತುಂಟತನ ತುಂಬಿದ್ದು ದೊಡ್ಡ ಸಾಧನೆ.

ವಾಲ್ಟ್ ಡಿಸ್ನಿಯವರ ಆರಂಭದ ದಿನಗಳ ಕೆಲಸವೂ ಇದೇ ಬಗೆಯದು: 1923ರ ‘ಆಲಿಸಸ್ ವಂಡರ್‌ಲ್ಯಾಂಡ್’ನಲ್ಲಿ ವರ್ಜೀನಿಯಾ ಡೇವಿಸ್ ಎಂಬ ಪುಟ್ಟ ಹುಡುಗಿ ಕಾರ್ಟೂನ್ ಪ್ರಾಣಿಗಳ ನಡುವೆ ಓಡಾಡುತ್ತಾಳೆ. ನಮ್ಮ ನೆರೆಯ ಮರಾಠಿ ನಾಡಿನ ದಾದಾಸಾಹೇಬ ಫಾಳ್ಕೆ ಹಿಡಿದದ್ದು ಬೇರೆ ದಾರಿ. 1915ರ ‘ಆಗ್‌ಕಾಡ್ಯಾಂಚಿ ಮೌಜ್’ನಲ್ಲಿ ಅವರು ಚಲನೆ ಕೊಟ್ಟದ್ದು ಬೆಂಕಿಕಡ್ಡಿಗಳಿಗೆ.

ಬ್ಲ್ಯಾಕ್‌ಟನ್, ಮೆಕೇ ಅವರ ಈ ಚಿತ್ರಗಳು ಇಂದು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೂಕಿಯಾದ್ದರಿಂದ ಭಾಷೆಯ ತೊಡಕು ಕಡಿಮೆ. ಜೇವರ್ಗಿಯ ಶಾಲೆಯೊಂದರ ಪ್ರೊಜೆಕ್ಟರಿನಲ್ಲೂ ಮಕ್ಕಳಿಗೆ ತೋರಿಸಬಹುದು. ‘ಗರ್ಟೀ’ಯನ್ನು ಒಮ್ಮೆ ನಿಧಾನಗತಿಯಲ್ಲಿ ಓಡಿಸಿ, ಹಿನ್ನೆಲೆಯ ಬಂಡೆಗಳ ಗೆರೆ ಸಣ್ಣಗೆ ನಡುಗುವುದನ್ನು ಗಮನಿಸಲು ಹೇಳಿ.